ಚಿಗಟೇರಿ ಸೀಮೆಯ ಹೊನ್ನು, ಹಣ, ಕಾಸು

ಚಿಗಟೇರಿ ಎಂದೊಡನೆ ಹರಪನಹಳ್ಳಿ ಸೀಮೆಯವರಿಗೆ ನೆನಪಾಗುವುದು ನಾರದಮುನಿಯ ದೇವಸ್ಥಾನ ಮತ್ತು ಅಲ್ಲಿ ವರ್ಷಕ್ಕೊಮ್ಮೆ ನಡೆಯುವ ರಥೋತ್ಸವ. ದಾವಣಗೆರೆಯವರಿಗಾದರೋ ಅದು ತಮ್ಮ ನಗರದ ದೊಡ್ಡ ಸರ್ಕಾರಿ ಆಸ್ಪತ್ರೆಯ ಹೆಸರು. ಊರನ್ನು ಎಂದೂ ಕಾಣದವರ ಬಾಯಲ್ಲಿಯೂ ಊರಿನ ಹೆಸರು ಹೀಗೆ ಓಡಾಡುತ್ತಿರುತ್ತದೆ. ಸುತ್ತಲೂ ಮಳೆಯನ್ನು ನೆಚ್ಚಿದ ಹೊಲಗಳು. ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿ ಹರಿಯುವ ತುಂಗಭದ್ರೆ. ಬಯಲುಸೀಮೆಯ ಇತರ ಊರುಗಳಿಂದ ಇದನ್ನು ಬೇರೆ ಮಾಡಿ ತೋರಿಸುವ ಹೊರಗಿನ ಗುರುತುಗಳು ಹೆಚ್ಚಿಲ್ಲ.

ಆದರೆ ಈ ನೆಲ ಕಂಡ ಒಡೆಯರ ಪಟ್ಟಿ ಚಿಕ್ಕದಲ್ಲ. ನೊಳಂಬರು, ಕಲ್ಯಾಣದ ಚಾಲುಕ್ಯರು, ಉಚ್ಚಂಗಿಯ ಪಾಂಡ್ಯರು, ಹೊಯ್ಸಳರು, ವಿಜಯನಗರದ ಅರಸರು, ಹರಪನಹಳ್ಳಿಯ ಪಾಳೆಯಗಾರರು, ಹೈದರ್ ಮತ್ತು ಟಿಪ್ಪು—ಇವರೆಲ್ಲರ ಆಣತಿ ಒಂದಲ್ಲ ಒಂದು ಕಾಲಕ್ಕೆ ಈ ಸೀಮೆಯಲ್ಲಿ ನಡೆಯಿತು. 1800ರಲ್ಲಿ ಇದು ಈಸ್ಟ್ ಇಂಡಿಯಾ ಕಂಪೆನಿಯ ಕೈಸೇರಿ, ಮುಂದೆ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಒಳಪಟ್ಟಿತು. 1953ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. 1997ರಲ್ಲಿ ಜಿಲ್ಲೆ ದಾವಣಗೆರೆಯಾಯಿತು, 2018ರಲ್ಲಿ ಮತ್ತೆ ಬಳ್ಳಾರಿಯಾಯಿತು, 2021ರಲ್ಲಿ ವಿಜಯನಗರವಾಯಿತು. ಊರು ಮಾತ್ರ ಇದ್ದಲ್ಲಿಯೇ ಇದೆ!

ಒಡೆಯರು ಹೋದರು, ಅವರ ನಾಣ್ಯಗಳು ಉಳಿದುವು. ಮಾತಿನಲ್ಲಿ ಉಳಿದುವು: ‘ಹಣ’ ಎಂಬುದು ಒಂದಾನೊಂದು ಕಾಲದಲ್ಲಿ ಮೆಂತ್ಯದ ಕಾಳಿಗಿಂತ ತುಸು ದೊಡ್ಡದಾದ ಚಿನ್ನದ ನಾಣ್ಯವೊಂದರ ಹೆಸರು, ‘ದುಡ್ಡು’ ತಾಮ್ರದ ನಾಣ್ಯದ ಹೆಸರು. ಇಂದು ಎರಡೂ ಸಂಪತ್ತಿಗೆಲ್ಲ ಸಲ್ಲುವ ಮಾತುಗಳಾಗಿವೆ. ಮನೆಗಳಲ್ಲಿಯೂ ಉಳಿದುವು: ಅಜ್ಜಿಯ ಸಂದೂಕದ ತಳದಲ್ಲಿ, ಹಳೆಯ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ, ದೇವರ ಗೂಡಿನ ಹಿತ್ತಾಳೆಯ ತಟ್ಟೆಯಲ್ಲಿ, ಕೊರಳ ಕಾಸಿನ ಸರದಲ್ಲಿ.

ಇಂದು ನಗರಗಳಲ್ಲಿ ಓದಿದ ಮನೆಗಳ ಮಕ್ಕಳಿಗೂ ತಂದೆಯರಿಗೂ ನಾಣ್ಯ ಸಂಗ್ರಹಿಸುವ ಹವ್ಯಾಸ ಹತ್ತುತ್ತಿದೆ. ರಜೆಯಲ್ಲಿ ಊರಿಗೆ ಹೋದವರು ಸಂದೂಕ ತೆರೆಯುತ್ತಾರೆ. ಕಪ್ಪಾದ ನಾಲ್ಕು ರೂಪಾಯಿ, ಹಸಿರು ಕಿಲುಬು ಹಿಡಿದ ಹತ್ತು ಕಾಸು ಸಿಕ್ಕುತ್ತವೆ. ಮೊದಲು ಮಾಡುವ ಕೆಲಸವೆಂದರೆ, ಹುಣಸೆಹಣ್ಣು ಹಚ್ಚಿ ಉಜ್ಜುವುದು. ಅರ್ಧ ಗಂಟೆಯಲ್ಲಿ ನಾಣ್ಯ ಥಳಥಳ ಹೊಳೆಯುತ್ತದೆ, ಮನೆಮಂದಿಗೆಲ್ಲ ಸಂತೋಷವಾಗುತ್ತದೆ. ನಾಣ್ಯವನ್ನು ಬಲ್ಲವನು ಮಾತ್ರ ಅದನ್ನು ಕಂಡು ನಿಟ್ಟುಸಿರು ಬಿಡುತ್ತಾನೆ. ನೂರೈವತ್ತು ವರ್ಷ ಉಳಿದು ಬಂದುದು ಅರ್ಧ ಗಂಟೆಯಲ್ಲಿ ಹೋಯಿತಲ್ಲ ಎಂಬುದು ಅವನ ಸಂಕಟ. ಹೋದದ್ದೇನು ಎಂಬುದನ್ನು ತಿಳಿಯಬೇಕಾದರೆ ನಾಣ್ಯ ಹುಟ್ಟುವ ಬಗೆಯನ್ನು ಮೊದಲು ಅರಿಯಬೇಕು. ಅದಕ್ಕೆ ಚಿಗಟೇರಿಯ ಸುತ್ತಲ ಸೀಮೆಗಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ.

ಉಚ್ಚಂಗಿಯ ಗೆಲವಿನ ಹೊನ್ನು

ಚಿಗಟೇರಿ ಇರುವ ಹರಪನಹಳ್ಳಿ ತಾಲ್ಲೂಕಿನಲ್ಲಿಯೇ ಉಚ್ಚಂಗಿದುರ್ಗವಿದೆ. ಇಂದು ಯಾತ್ರಿಕರು ಉಚ್ಚಂಗಿಯಮ್ಮನ ದರ್ಶನಕ್ಕೆಂದು ಆ ಬೆಟ್ಟ ಏರುತ್ತಾರೆ. ಎಂಟು ಒಂಬತ್ತು ನೂರು ವರ್ಷಗಳ ಹಿಂದೆ ಅದು ನೊಳಂಬವಾಡಿ ಮೂವತ್ತೆರಡು ಸಾಸಿರ ನಾಡನ್ನು ಆಳಿದ ಪಾಂಡ್ಯರ ಕೋಟೆ. ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳ ವಿಷ್ಣುವರ್ಧನ ಈ ನಾಡಿನ ಮೇಲೆ ಗೆಲವು ಸಾಧಿಸಿದ. ಗೆದ್ದವನು ಶಾಸನ ಹಾಕಿಸುವುದು ವಾಡಿಕೆ. ವಿಷ್ಣುವರ್ಧನ ಅಷ್ಟಕ್ಕೆ ನಿಲ್ಲದೆ ಗೆಲವನ್ನು ಚಿನ್ನದ ಮೇಲೆಯೇ ಬರೆಸಿದ. ತಲಕಾಡಿನ ಗೆಲವಿಗೆ ‘ಶ್ರೀ ತಳಕಾಡುಗೊಂಡ’ ಎಂಬ ನಾಣ್ಯ. ಈ ನಾಡಿನ ಗೆಲವಿಗೆ ‘ಶ್ರೀ ನೊಣಂಬವಾಡಿಗೊಂಡ’ ಎಂಬ ನಾಣ್ಯ. ಒಂದು ಮುಖದಲ್ಲಿ ಸಿಂಹ, ಇನ್ನೊಂದರಲ್ಲಿ ಕನ್ನಡ ಅಕ್ಷರಗಳ ಸಾಲು. ತೂಕ ಸುಮಾರು 4 ಗ್ರಾಂ. ಹರಪನಹಳ್ಳಿ ಸೀಮೆಯ ಮಣ್ಣಿನ ಹೆಸರು ಕನ್ನಡ ಲಿಪಿಯಲ್ಲಿ ಚಿನ್ನಕ್ಕೆ ಏರಿದ ಕಥೆ ಇದು.

ಆ ನಾಣ್ಯ ಹೇಗೆ ಹುಟ್ಟಿತು? ಟಂಕಸಾಲೆಯ ಅಕ್ಕಸಾಲಿಗ ತೂಕ ನೋಡಿ ಚಿನ್ನದ ಬಿಲ್ಲೆ ತಯಾರಿಸುತ್ತಿದ್ದ. ಅಡಿಗಲ್ಲಿನಲ್ಲಿ ಒಂದು ಅಚ್ಚನ್ನು ಭದ್ರವಾಗಿ ಕೂಡಿಸಿ, ಅದರ ಮೇಲೆ ಬಿಲ್ಲೆಯನ್ನಿಟ್ಟು, ಮೇಲಣ ಅಚ್ಚನ್ನು ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಬಲವಾಗಿ ಹೊಡೆಯುತ್ತಿದ್ದ. ಅಚ್ಚಿನಲ್ಲಿ ತಗ್ಗಾಗಿ, ತಿರುಗುಮುರುಗಾಗಿ ಕೊರೆದ ಸಿಂಹ ಬಿಲ್ಲೆಯ ಮೇಲೆ ಉಬ್ಬಾಗಿ, ನೇರವಾಗಿ ಮೂಡುತ್ತಿತ್ತು. ಈ ಹೊಡೆತಕ್ಕೆ ಅಚ್ಚಿನ ಗೆರೆಗಳೆಲ್ಲ ಎಷ್ಟರಮಟ್ಟಿಗೆ ಲೋಹಕ್ಕೆ ಇಳಿದುವು ಎಂಬುದೇ ನಾಣ್ಯದ ಒತ್ತು. ಸುತ್ತಿಗೆ ನೇರವಾಗಿ, ಸಾಕಷ್ಟು ಬಲದಿಂದ ಬಿದ್ದರೆ ಒತ್ತು ತುಂಬು. ಓರೆಯಾಗಿ ಬಿದ್ದರೆ ಒಂದು ಕಡೆ ಆಳ, ಇನ್ನೊಂದು ಕಡೆ ತೇಲಿಕೆ. ಬಿಲ್ಲೆ ಸರಿದಿದ್ದರೆ ಸಿಂಹದ ಬಾಲವೋ ತಲೆಯೋ ನಾಣ್ಯದ ಹೊರಗೇ ಉಳಿಯುತ್ತಿತ್ತು.

ಇದಕ್ಕಿಂತ ಬೇರೆ ಪದ್ಧತಿಯೊಂದೂ ಕನ್ನಡನಾಡಿನಲ್ಲಿತ್ತು. ಪದ್ಮಟಂಕವೆಂಬ ಬಟ್ಟಲಿನಾಕಾರದ ಚಿನ್ನದ ನಾಣ್ಯದಲ್ಲಿ ನಡುವಣ ಕಮಲವೂ ಸುತ್ತಲಿನ ಗುರುತುಗಳೂ ಒಂದೇ ಅಚ್ಚಿನವಲ್ಲ. ಒಂದೊಂದು ಗುರುತಿಗೆ ಒಂದೊಂದು ಸಣ್ಣ ಮುದ್ರೆಯನ್ನು ಬೇರೆಬೇರೆಯಾಗಿ ಹೊಡೆಯುತ್ತಿದ್ದರು. ಒಂದು ಗುರುತು ಆಳವಾಗಿ, ಪಕ್ಕದ್ದು ಮೇಲುಮೇಲಾಗಿ ಮೂಡಿದ್ದರೆ ಅಲ್ಲಿ ಅಚ್ಚರಿಪಡಬೇಕಾದುದಿಲ್ಲ. ಆದುದರಿಂದ ಹಳೆಯ ನಾಣ್ಯ ಕೈಗೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ: ಇದನ್ನು ಮಾಡಿದ ಬಗೆ ಯಾವುದು? ಯಂತ್ರದ ರೂಪಾಯಿಯ ಅಳತೆಗೋಲಿನಿಂದ ಸುತ್ತಿಗೆಯ ಹೊನ್ನನ್ನು ಅಳೆಯುವುದು ನ್ಯಾಯವಲ್ಲ.

ಹಂಪೆಯಲ್ಲಿ ಎರಡನೆಯ ಪಾಠ

ಉಚ್ಚಂಗಿಯಿಂದ ಈಶಾನ್ಯಕ್ಕೆ ಹೊರಟ ಪ್ರವಾಸಿ ಹೊಸಪೇಟೆಯನ್ನು ದಾಟಿ ಹಂಪೆ ಸೇರುತ್ತಾನೆ. ಅಲ್ಲಿನ ಅವಶೇಷಗಳ ನಡುವೆ ಟಂಕಸಾಲೆಯೆಂದು ತೋರಿಸುವ ಆವರಣವೊಂದಿದೆ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕ್ ಇಲ್ಲಿನ ಚಿನ್ನದ ವರಾಹ, ಪ್ರತಾಪ, ಹಣಗಳನ್ನೂ, ಬೆಳ್ಳಿಯ ತಾರವನ್ನೂ, ತಾಮ್ರದ ಜೀತಲವನ್ನೂ ಹೆಸರಿಸಿ ಬರೆದಿಟ್ಟಿದ್ದಾನೆ. ಕಮಲಾಪುರದ ವಸ್ತುಸಂಗ್ರಹಾಲಯದಲ್ಲಿ ವಿಜಯನಗರದ ನಾಣ್ಯಗಳನ್ನು ಗಾಜಿನ ಹಿಂದೆ ಕಾಣಬಹುದು. ಮೊದಲ ಬಾರಿಗೆ ನೋಡಿದವರು ‘ಇಷ್ಟೇ ಚಿಕ್ಕದೇ!’ ಎನ್ನುವುದುಂಟು. ವರಾಹದ ತೂಕ ಸುಮಾರು 3.4 ಗ್ರಾಂ; ಅಗಲ ಕಿರುಬೆರಳಿನ ಉಗುರಿನಷ್ಟು.

ಅಷ್ಟು ಕಿರಿದಾದ ನೆಲದಲ್ಲಿ ಒಂದು ಕಡೆ ದೇವರ ಮೂರ್ತಿ, ಇನ್ನೊಂದು ಕಡೆ ಅರಸನ ಹೆಸರು. ಹರಿಹರ ಬುಕ್ಕರ ಕಾಲದಲ್ಲಿ ಹನುಮಂತ, ಗರುಡ. ಇಮ್ಮಡಿ ಹರಿಹರನ ಕಾಲದಲ್ಲಿ ಉಮಾಮಹೇಶ್ವರ, ಲಕ್ಷ್ಮೀನಾರಾಯಣ. ಅಚ್ಯುತರಾಯನ ಕಾಲದಲ್ಲಿ ಆನೆಗಳನ್ನು ಹಿಡಿದ ಗಂಡಭೇರುಂಡ. ಕೃಷ್ಣದೇವರಾಯನ ವರಾಹದಲ್ಲಿ ಕುಳಿತ ಬಾಲಕೃಷ್ಣ. ಹಿಂಬದಿಯಲ್ಲಿ ಮೂರು ಸಾಲುಗಳ ನಾಗರೀ ಅಕ್ಷರಗಳಲ್ಲಿ ‘ಶ್ರೀ ಪ್ರತಾಪ ಕೃಷ್ಣರಾಯ’.

ಹೊಸ ಸಂಗ್ರಾಹಕ ಎಡವುವುದು ಇಲ್ಲಿಯೇ. ಎರಡು ಬಾಲಕೃಷ್ಣ ವರಾಹಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಎರಡರಲ್ಲಿಯೂ ಕೃಷ್ಣನ ಮುಖ ಅಸ್ಪಷ್ಟವಾಗಿರಬಹುದು. ‘ಎರಡೂ ಸವೆದಿವೆ’ ಎಂದು ಅವನು ತೀರ್ಪು ಕೊಡುತ್ತಾನೆ. ವಾಸ್ತವವಾಗಿ ಒಂದು ಸವೆದುದಿರಬಹುದು. ಇನ್ನೊಂದು ಒತ್ತು ಸಾಲದೆ ಹುಟ್ಟಿದಾಗಲೇ ಮುಖವಿಲ್ಲದೆ ಹುಟ್ಟಿರಬಹುದು. ಇವೆರಡರ ನಡುವಣ ಭೇದವನ್ನು ಕಾಣುವುದೇ ಈ ವಿದ್ಯೆಯ ಹೃದಯ.

ಭೇದವನ್ನು ಕಾಣುವ ಬಗೆ ಹೀಗೆ. ಸವೆತ ನಾಣ್ಯದ ಎತ್ತರದ ಜಾಗಗಳಿಂದ ಪ್ರಾರಂಭವಾಗುತ್ತದೆ—ಮೂಗು, ಮೊಣಕಾಲು, ಕಿರೀಟದ ತುದಿ. ಕೈಯಿಂದ ಕೈಗೆ ಸಾಗಿ, ಚೀಲದಲ್ಲಿ ಉಜ್ಜಿ, ಆ ಜಾಗಗಳು ನುಣ್ಣಗೆ, ಮಂಕಾಗಿ, ಸುತ್ತಲಿನ ಬಣ್ಣಕ್ಕಿಂತ ಬೇರೆಯಾಗಿ ಕಾಣುತ್ತವೆ. ಒತ್ತು ಸಾಲದ ಜಾಗದಲ್ಲಿ ಹಾಗಲ್ಲ. ಅಲ್ಲಿ ಲೋಹ ಅಚ್ಚಿನ ಆಳವನ್ನು ಮುಟ್ಟಲೇ ಇಲ್ಲ. ಆದುದರಿಂದ ಬಿಲ್ಲೆಯ ಮೊದಲಿನ ಒರಟುತನ, ಸಣ್ಣ ಗೀರು ಕುಳಿಗಳು ಹಾಗೆಯೇ ಉಳಿದಿರುತ್ತವೆ. ಪಕ್ಕದ ಅಕ್ಷರಗಳ ಅಂಚು ಮಾತ್ರ ಚೂಪಾಗಿರುತ್ತದೆ. ಒಂದು ಮುಖ ತೀರ ಮಸಕಾಗಿ, ಅದೇ ನಾಣ್ಯದ ಇನ್ನೊಂದು ಮುಖ ನಿನ್ನೆ ಹೊಡೆದಂತಿದ್ದರೆ, ಅದು ಹೆಚ್ಚಾಗಿ ಒತ್ತಿನ ದೋಷವೇ ಹೊರತು ಸವೆತವಲ್ಲ. ನಾಣ್ಯವನ್ನು ಒಂದೇ ದೀಪದ ಕೆಳಗೆ ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿ ಭೂತಗನ್ನಡಿಯಲ್ಲಿ ನೋಡಿದರೆ ಈ ಸತ್ಯ ತಾನಾಗಿಯೇ ಗೋಚರಿಸುತ್ತದೆ.

ಟಿಪ್ಪುವಿನ ಆನೆ

1565ರ ಯುದ್ಧದ ನಂತರ ಈ ಭಾಗದಲ್ಲಿ ಪಾಳೆಯಗಾರರು ತಲೆಯೆತ್ತಿದರು. ಹರಪನಹಳ್ಳಿಯೂ ಚಿತ್ರದುರ್ಗವೂ ನೆರೆಯ ಸಂಸ್ಥಾನಗಳು. ಚಿತ್ರದುರ್ಗದ ಹೆಸರಿನ ‘ದುರ್ಗಿ ವರಾಹ’ ಈ ಕಾಲದ್ದು. ಅನಂತರ ಹೈದರನೂ ಟಿಪ್ಪುವೂ ಈ ಪಾಳೆಯಪಟ್ಟುಗಳನ್ನು ಒಳಗು ಮಾಡಿಕೊಂಡರು. ಟಿಪ್ಪು ತನ್ನ ಟಂಕಸಾಲೆಗಳ ಊರುಗಳಿಗೆ ಹೊಸ ಹೆಸರುಗಳನ್ನಿಟ್ಟ: ಚಿತ್ರದುರ್ಗ ‘ಫರ್ರುಖ್‌ಯಾಬ್ ಹಿಸಾರ್’ ಆಯಿತು, ಗುತ್ತಿ ‘ಫೈಜ್ ಹಿಸಾರ್’ ಆಯಿತು. ಅವನ ತಾಮ್ರದ ಪೈಸೆಗಳ ಮೇಲೆ ಆನೆ ನಡೆಯುತ್ತದೆ. ಕೆಲವದರಲ್ಲಿ ಬಲಕ್ಕೆ, ಕೆಲವದರಲ್ಲಿ ಎಡಕ್ಕೆ.

ತಾಮ್ರ ಬಡವರ ಲೋಹ. ಉಪ್ಪು, ಮೆಣಸಿನಕಾಯಿಯ ವ್ಯಾಪಾರದಲ್ಲಿ ಹಗಲಿರುಳೂ ಓಡಾಡಿದ ಆನೆ ಸವೆಯದೆ ಇರುತ್ತದೆಯೇ? ತಾಮ್ರದ ಬಿಲ್ಲೆಗಳನ್ನು ಹೊಡೆಯುವಾಗ ಅವಸರವೂ ಹೆಚ್ಚು. ಮೊದಲ ಪೆಟ್ಟು ಬಿದ್ದ ಮೇಲೆ ಬಿಲ್ಲೆ ತುಸು ಜಾರಿ ಎರಡನೆಯ ಪೆಟ್ಟು ಬಿದ್ದರೆ ಆನೆಗೆ ಎರಡು ಸೊಂಡಿಲು, ಐದಾರು ಕಾಲು! ಇದನ್ನು ಜೋಡಿಪೆಟ್ಟು ಎನ್ನಬಹುದು. ಇಂತಹುದನ್ನು ವಿರಳ ವಸ್ತುವೆಂದು ಭ್ರಮಿಸಿ ಹೆಚ್ಚು ಬೆಲೆ ತೆರುವವರುಂಟು. ಕೈಯಿಂದ ಹೊಡೆದ ನಾಣ್ಯಗಳಲ್ಲಿ ಇದು ಸಾಮಾನ್ಯ ಸಂಗತಿ. ತುಂಬು ಆನೆ, ಪೂರ್ತಿ ತಾರೀಖು, ಟಂಕಸಾಲೆಯ ಹೆಸರು—ಈ ಮೂರೂ ಒಂದೇ ಬಿಲ್ಲೆಯಲ್ಲಿ ಕೂಡಿಬಂದುದೇ ನಿಜವಾಗಿ ವಿರಳ.

ಖೋಟಾ ನಾಣ್ಯದ ಮಾತೂ ಇಲ್ಲಿಯೇ ಬರಬೇಕು. ನಿಜವಾದ ನಾಣ್ಯವನ್ನು ಪಡಿಯಚ್ಚಿಗಿಟ್ಟು, ಅದರಲ್ಲಿ ಕರಗಿದ ಲೋಹವನ್ನು ಹೊಯ್ದು ಮಾಡಿದ ನಕಲುಗಳು ಸಂತೆ ಜಾತ್ರೆಗಳಲ್ಲಿ ಮಾರಾಟಕ್ಕೆ ಬರುತ್ತವೆ. ಹೊಯ್ದ ಲೋಹ ಹೊಡೆದ ಲೋಹದಂತೆ ಬಿಗಿಯಾಗಿರುವುದಿಲ್ಲ. ಮೈಮೇಲೆ ಗುಳ್ಳೆಯೊಡೆದ ಸಣ್ಣ ತೂತುಗಳು, ಸಾಬೂನಿನಂತೆ ಕರಗಿದ ಅಕ್ಷರದ ಅಂಚುಗಳು, ಅಂಚಿನ ಸುತ್ತ ಅರದಿಂದ ಉಜ್ಜಿದ ಗೆರೆ—ಇವು ಅದರ ಗುರುತುಗಳು. ಅಚ್ಚೊತ್ತಿದ ಲೋಹ ಹೇಗಿರುತ್ತದೆ ಎಂಬುದನ್ನು ಕಣ್ಣು ಒಮ್ಮೆ ಕಲಿತರೆ ಹೊಯ್ದ ಲೋಹ ಅದನ್ನು ಮೋಸಗೊಳಿಸುವುದು ಕಷ್ಟ.

ಕಡಲು ಕಾಪಾಡಿದ ಕಾಸು

ಕಂಪೆನಿಯ ಆಡಳಿತ ಬಂದೊಡನೆ ಮದರಾಸು ಆಧಿಪತ್ಯದ ಚಿಲ್ಲರೆ ದೂರದ ಇಂಗ್ಲೆಂಡಿನಿಂದಲೂ ಬರತೊಡಗಿತು. ಬರ್ಮಿಂಗ್‌ಹ್ಯಾಮಿನ ಸೋಹೊ ಎಂಬಲ್ಲಿ ಮ್ಯಾಥ್ಯೂ ಬೋಲ್ಟನ್ ಉಗಿಯ ಶಕ್ತಿಯಿಂದ ನಡೆಯುವ ನಾಣ್ಯಯಂತ್ರಗಳನ್ನು ಹೂಡಿದ್ದ. 1803 ಮತ್ತು 1808ರ ತಾರೀಖಿನ ಹತ್ತು ಕಾಸು, ಇಪ್ಪತ್ತು ಕಾಸಿನ ತಾಮ್ರದ ನಾಣ್ಯಗಳು ಅಲ್ಲಿ ಹುಟ್ಟಿದುವು. ಒಂದು ಕಡೆ ಸಿಂಹಗಳು ಹಿಡಿದ ಕಂಪೆನಿಯ ಲಾಂಛನ, ಇನ್ನೊಂದು ಕಡೆ ಪಾರಸಿ ಅಕ್ಷರ. ಬಿಲ್ಲೆ ಅಗಲಕ್ಕೆ ಹರಡಿ ಹೋಗದಂತೆ ಸುತ್ತಲೂ ಬಳೆಯಂತಹ ಉಕ್ಕಿನ ಕಟ್ಟು. ಒಂದೊಂದು ಪೆಟ್ಟಿಗೂ ಅದೇ ಬಲ, ಅದೇ ನೇರ. ಸಹಸ್ರ ನಾಣ್ಯಗಳೂ ಅವಳಿಜವಳಿ ಮಕ್ಕಳಂತೆ ಒಂದೇ ರೂಪದಲ್ಲಿ ಹೊರಬಂದುವು. ಸುತ್ತಿಗೆಯ ಯುಗ ಮುಗಿಯುವ ಕಾಲ ಹೀಗೆ ಹತ್ತಿರವಾಯಿತು.

ಇಂತಹ ಕಾಸುಗಳನ್ನು ಹೊತ್ತು ಮದರಾಸಿಗೆ ಹೊರಟ ‘ಅಡ್ಮಿರಲ್ ಗಾರ್ಡನರ್’ ಎಂಬ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ತೀರದ ಗುಡ್ವಿನ್ ಮರಳುದಿಬ್ಬಗಳಲ್ಲಿ ಮುಳುಗಿತು. 1980ರ ದಶಕದಲ್ಲಿ ಮುಳುಗುಗಾರರು ಅದರ ಸರಕನ್ನು ಮೇಲೆತ್ತಿದರು. ಮರದ ಪೀಪಾಯಿಗಳಲ್ಲಿ ಒತ್ತೊತ್ತಾಗಿ ತುಂಬಿದ್ದ ಕಾಸುಗಳಲ್ಲಿ ಒಳಗಿದ್ದವು ಬಹಳ ಚೆನ್ನಾಗಿ ಉಳಿದಿದ್ದುವು; ಹೊರಗಿದ್ದವುಗಳನ್ನು ಉಪ್ಪುನೀರು ತಿಂದುಹಾಕಿತ್ತು. ಹರಪನಹಳ್ಳಿ, ಕೊಟ್ಟೂರು, ಹಡಗಲಿಗಳ ಸಂತೆಗೆ ಬರಬಹುದಾಗಿದ್ದ ಕಾಸುಗಳು ನೂರೆಪ್ಪತ್ತೈದು ವರ್ಷ ಕಡಲಿನ ಮಡಿಲಲ್ಲಿ ನಿದ್ರಿಸಿದುವು. ಸಂತೆಗೆ ಬಂದ ಸೋದರರು ಸವೆದರು. ಮುಳುಗಿದವರು ಚೂಪಾಗಿಯೇ ಉಳಿದರು. ಒಂದೇ ಅಚ್ಚು, ಒಂದೇ ಒತ್ತು. ವ್ಯತ್ಯಾಸವಾದುದು ಅನಂತರದ ಬಾಳಿನಿಂದ.

ಹುಟ್ಟುಹೊಳಪು, ಉಜ್ಜುಹೊಳಪು

ಈಗ ಸಂದೂಕದ ರೂಪಾಯಿಗೆ ಬರೋಣ. 1835ರಲ್ಲಿ ಕಂಪೆನಿ ತನ್ನ ಪ್ರಾಂತಗಳಿಗೆಲ್ಲ ಏಕರೂಪದ ರೂಪಾಯಿಯನ್ನು ತಂದಿತು. ತೂಕ 11.66 ಗ್ರಾಂ, ಎಂದರೆ ಒಂದು ತೊಲ. ಹನ್ನೆರಡರಲ್ಲಿ ಹನ್ನೊಂದು ಭಾಗ ಬೆಳ್ಳಿ. ಹಳ್ಳಿಯ ಮನೆಗಳಲ್ಲಿ ಹೆಚ್ಚಾಗಿ ಸಿಕ್ಕುವ ವಿಕ್ಟೋರಿಯ ರಾಣಿಯ 1862ರ ರೂಪಾಯಿಯಲ್ಲಿ ಒಂದು ಸೋಜಿಗವಿದೆ. ತಾರೀಖನ್ನು ಬದಲಿಸದೆಯೇ ಅದನ್ನು 1874ರವರೆಗೂ ಹೊಡೆದರು. ಮುಂಬಯಿ ಟಂಕಸಾಲೆಯ ನಾಣ್ಯಗಳಲ್ಲಿ ತಾರೀಖಿನ ಬಳಿ ಸಣ್ಣ ಬೊಟ್ಟುಗಳನ್ನು ಸೇರಿಸಿ ವರ್ಷಗಳನ್ನು ಗುರುತಿಸಿದರೆಂದು ನಾಣ್ಯತಜ್ಞರು ತಿಳಿಯುತ್ತಾರೆ. ಹುಣಸೆಹಣ್ಣಿನೊಡನೆ ಬೂದಿ ಹಾಕಿ ಉಜ್ಜಿದ ರೂಪಾಯಿಯಲ್ಲಿ ಮೊದಲು ಮಾಯವಾಗುವುದು ಇಂತಹ ಸೂಕ್ಷ್ಮಗಳೇ.

ಐದನೆಯ ಜಾರ್ಜ್ ದೊರೆಯ 1911ರ ರೂಪಾಯಿಯ ಕಥೆ ಇನ್ನೂ ಸ್ವಾರಸ್ಯದ್ದು. ದೊರೆಯ ನಿಲುವಂಗಿಯ ಮೇಲಣ ಪದಕದ ಸರದಲ್ಲಿ ಕಿರಿದಾದ ಆನೆಯೊಂದಿದೆ. ಅದರ ಸೊಂಡಿಲು ಮೊಟಕಾಗಿ ಹಂದಿಯಂತೆ ಕಾಣಿಸಿತೆಂದು ಜನರಲ್ಲಿ ಕ್ಷೋಭೆ ಉಂಟಾಯಿತು. ಮರುವರ್ಷದ ಅಚ್ಚಿನಲ್ಲಿ ಆನೆಯನ್ನು ತಿದ್ದಿದರು. ಇಂದಿಗೂ ಸಂಗ್ರಾಹಕರು ಅದನ್ನು ‘ಹಂದಿ ರೂಪಾಯಿ’ ಎಂದೇ ಕರೆಯುತ್ತಾರೆ. ಜಾರ್ಜ್ ದೊರೆಯ ಯಾವುದೇ ರೂಪಾಯಿ ಕೈಗೆ ಬಂದರೂ ಆ ಆನೆಯನ್ನು ಮೊದಲು ನೋಡುವುದು ಒಳ್ಳೆಯದು. ಆನೆಯ ಕಾಲು, ಸೊಂಡಿಲು ಎಣಿಸುವಂತಿದ್ದರೆ ನಾಣ್ಯ ಹೆಚ್ಚು ತಿರುಗಿಲ್ಲ; ಆನೆಯೇ ಒಂದು ಗುಳ್ಳೆಯಂತಾಗಿದ್ದರೆ ಬಹಳ ದುಡಿದಿದೆ.

ಯಂತ್ರದ ಅಪಾರವಾದ ಒತ್ತಡಕ್ಕೆ ಸಿಕ್ಕಿದ ಲೋಹ ಕ್ಷಣಮಾತ್ರ ಜೇನಿನಂತೆ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಆ ಹರಿವಿನ ಗುರುತಾಗಿ ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಗೆರೆಗಳು ನಾಣ್ಯದ ಮೈಮೇಲೆ ಉಳಿಯುತ್ತವೆ. ಹೊಸ ನಾಣ್ಯವನ್ನು ದೀಪದಡಿ ತಿರುಗಿಸಿದರೆ ಬೆಳಕಿನ ಪಟ್ಟಿಗಳು ಚಕ್ರದ ಕಡ್ಡಿಗಳಂತೆ ಸುತ್ತುವುದು ಈ ಗೆರೆಗಳ ದೆಸೆಯಿಂದ. ಇದನ್ನು ಹುಟ್ಟುಹೊಳಪು ಎನ್ನೋಣ. ಟಂಕಸಾಲೆಯ ಹೊರಗೆ ಯಾರೂ ಇದನ್ನು ಮತ್ತೆ ತರಲಾರರು. ಚಲಾವಣೆಯಲ್ಲಿ ಬೆರಳುಗಳು ಇದನ್ನು ಮೆಲ್ಲಮೆಲ್ಲನೆ ತೆಗೆಯುತ್ತವೆ. ಹುಣಸೆಯ ಹುಳಿಯೂ ಬೂದಿಯೂ ಒಂದೇ ಉಜ್ಜಿಗೆ ತೆಗೆದುಬಿಡುತ್ತವೆ. ಆಮೇಲೆ ಬರುವ ಥಳಕು ಬೆತ್ತಲಾದ ಲೋಹದ ಥಳಕು, ಉಜ್ಜುಹೊಳಪು. ದೀಪದಡಿ ತಿರುಗಿಸಿದರೆ ಅದು ಸುತ್ತುವುದಿಲ್ಲ. ಎಲ್ಲ ಕಡೆಯೂ ಒಂದೇ ಸಮನಾಗಿ ಮಿರುಗುತ್ತದೆ. ಭೂತಗನ್ನಡಿಯಲ್ಲಿ ಒಂದೇ ದಿಕ್ಕಿಗೆ ಎಳೆದ ಕೂದಲಿನಂತಹ ಗೀರುಗಳು ಕಾಣುತ್ತವೆ. ಬೆಳ್ಳಿಗೆ ಕಾಲ ಕೊಟ್ಟ ಕಪ್ಪುನೀಲಿ, ತಾಮ್ರಕ್ಕೆ ಕೊಟ್ಟ ಕಂದು ಬಣ್ಣ ಕೊಳೆಯಲ್ಲ. ಲೋಹದ ಮೈಗೆ ಅದೊಂದು ಹೊದಿಕೆ. ಅದನ್ನು ಕಳೆದ ನಾಣ್ಯಕ್ಕೆ ಬಲ್ಲವರ ಪೇಟೆಯಲ್ಲಿ ಬೆಲೆ ಇಳಿಯುತ್ತದೆ.

ಪ್ರೂಫ್ ಎಂದರೇನು?

ನಾಣ್ಯದ ಅಂಗಡಿಯಲ್ಲಿ ಹೊಸಬನ ಕಿವಿಗೆ ಬೀಳುವ ಮಾತುಗಳು ಇಂಗ್ಲಿಷಿನವು: ‘ಫೈನ್’, ‘ವೆರಿ ಫೈನ್’, ‘ಎಕ್ಸ್‌ಟ್ರೀಮ್‌ಲಿ ಫೈನ್’, ‘ಅನ್‌ಸರ್ಕ್ಯುಲೇಟೆಡ್’, ‘ಪ್ರೂಫ್’. ಮೊದಲಿನ ನಾಲ್ಕು ಮಾತುಗಳು ನಾಣ್ಯ ಎಷ್ಟು ಸವೆದಿದೆ ಎಂಬುದನ್ನು ಹೇಳುವ ಮೆಟ್ಟಿಲುಗಳು. ‘ಫೈನ್’ ಎಂದರೆ ಸೊಗಸಾದುದೆಂದು ತಿಳಿದು ಕೊಂಡವನು ಮನೆಗೆ ಬಂದು ನೋಡಿದರೆ ಸಾಕಷ್ಟು ಸವೆದ ನಾಣ್ಯ! ‘ಅನ್‌ಸರ್ಕ್ಯುಲೇಟೆಡ್’ ಎಂದರೆ ಚಲಾವಣೆಗೆ ಬೀಳದುದು. ಅದರ ಒತ್ತು ಸಾಧಾರಣವಾಗಿದ್ದರೂ ಇರಬಹುದು. 1949ರಲ್ಲಿ ಅಮೆರಿಕದ ವಿಲಿಯಂ ಶೆಲ್ಡನ್ ತನ್ನ ದೇಶದ ಹಳೆಯ ತಾಮ್ರದ ಸೆಂಟುಗಳಿಗಾಗಿ 1ರಿಂದ 70ರವರೆಗೆ ಅಂಕಗಳನ್ನು ಗೊತ್ತುಮಾಡಿದ. ಈಗ ಜಗತ್ತಿನಲ್ಲೆಲ್ಲ ನಾಣ್ಯಗಳಿಗೆ ಅಂಕ ಕೊಟ್ಟು ಪಾರದರ್ಶಕ ಪೆಟ್ಟಿಗೆಯಲ್ಲಿ ಮುಚ್ಚಿಕೊಡುವ ಸಂಸ್ಥೆಗಳು ಅದೇ ಏಣಿಯನ್ನು ಬಳಸುತ್ತವೆ.

‘ಪ್ರೂಫ್’ ಈ ಏಣಿಯ ಮೆಟ್ಟಿಲಲ್ಲ. ಅದು ನಾಣ್ಯವನ್ನು ಮಾಡುವ ಒಂದು ಬಗೆ. ಆಯ್ದ ಬಿಲ್ಲೆಗಳನ್ನು ಮೆರುಗು ಮಾಡಿ, ಅಚ್ಚುಗಳನ್ನು ಕನ್ನಡಿಯಂತೆ ತಿಕ್ಕಿ, ನಿಧಾನವಾಗಿ, ಒಂದಕ್ಕಿಂತ ಹೆಚ್ಚು ಬಾರಿ ಒತ್ತಿ ತೆಗೆದ ನಾಣ್ಯ ಅದು. ಬಯಲು ಭಾಗ ಮುಖ ಕಾಣುವ ಕನ್ನಡಿ. ಉಬ್ಬಿದ ಚಿತ್ರ ಮಂಜು ಕವಿದಂತೆ ಬಿಳುಪು. ಅಂಚು ಕತ್ತರಿಸಿಟ್ಟಂತೆ ಚೌಕ. ಸಂತೆಗೆ ಹೋಗಲೆಂದು ಹುಟ್ಟಿದುದಲ್ಲ, ಸಂಗ್ರಾಹಕನಿಗಾಗಿಯೇ ಹುಟ್ಟಿದುದು. ಗಣರಾಜ್ಯ ಹುಟ್ಟಿದ 1950ರಲ್ಲಿಯೇ ಮುಂಬಯಿ ಟಂಕಸಾಲೆ ಏಳು ನಾಣ್ಯಗಳ ಪ್ರೂಫ್ ಕಟ್ಟನ್ನು ಹೊರಡಿಸಿತು. ದೊರೆಯ ತಲೆಯಿದ್ದ ಜಾಗಕ್ಕೆ ಅಶೋಕಸ್ತಂಭದ ಸಿಂಹಗಳು ಬಂದಿದ್ದುವು. ಬಿಡಿಕಾಸಿಗೆ ಕುದುರೆ, ಆಣೆಗೆ ಎತ್ತು, ರೂಪಾಯಿಗೆ ತೆನೆ. 1957ರ ಏಪ್ರಿಲ್ 1ರಿಂದ ದಶಮಾನ ಪದ್ಧತಿ ಜಾರಿಗೆ ಬಂದು ಆಣೆಗಳ ಕಾಲ ಮುಗಿಯಿತು. 1964ರಲ್ಲಿ ನೆಹರೂ ಅವರ ಸ್ಮಾರಕ ನಾಣ್ಯಗಳು ಹೊರಟುವು. ಈಗ ಸರ್ಕಾರಿ ಟಂಕಸಾಲೆಗಳು ಸ್ಮಾರಕ ನಾಣ್ಯಗಳನ್ನು ಪ್ರೂಫ್ ಎಂದೂ ಅನ್‌ಸರ್ಕ್ಯುಲೇಟೆಡ್ ಎಂದೂ ಎರಡು ಬಗೆಯಲ್ಲಿ ಮಾರುತ್ತವೆ. ತಾರೀಖಿನ ಕೆಳಗಣ ಗುರುತು ಹುಟ್ಟಿದ ಊರನ್ನು ಹೇಳುತ್ತದೆ: ಮುಂಬಯಿಗೆ ವಜ್ರಾಕೃತಿ, ಹೈದರಾಬಾದಿಗೆ ನಕ್ಷತ್ರ, ನೋಯ್ಡಾಕ್ಕೆ ದುಂಡು ಬೊಟ್ಟು, ಕೋಲ್ಕತ್ತಕ್ಕೆ ಗುರುತಿಲ್ಲದಿರುವುದೇ ಗುರುತು.

ಮೋಸ ನಡೆಯುವುದು ಎರಡು ದಾರಿಗಳಲ್ಲಿ. ಸಾಧಾರಣ ನಾಣ್ಯಕ್ಕೆ ಯಂತ್ರದ ಮೇಲೆ ಮೆರುಗು ಕೊಟ್ಟು ಪ್ರೂಫ್ ಎಂದು ಮಾರುವುದು ಒಂದು. ಅದರಲ್ಲಿ ಬಯಲೂ ಚಿತ್ರವೂ ಒಂದೇ ತೆರನಾಗಿ ಮಿರುಗುತ್ತವೆ. ಅಕ್ಷರಗಳ ಅಂಚು ಮೊಂಡಾಗಿರುತ್ತದೆ. ಇನ್ನೊಂದು, ಮರುಮುದ್ರಣ. ಬ್ರಿಟಿಷರ ಕಾಲದ ಹಳೆಯ ಅಚ್ಚುಗಳಿಂದ ಕೋಲ್ಕತ್ತ ಮತ್ತು ಮುಂಬಯಿ ಟಂಕಸಾಲೆಗಳು ಸಂಗ್ರಾಹಕರಿಗಾಗಿ ಇಪ್ಪತ್ತನೆಯ ಶತಮಾನದಲ್ಲಿಯೂ ಪ್ರೂಫ್ ಮರುಮುದ್ರಣಗಳನ್ನು ಮಾಡಿಕೊಟ್ಟಿದ್ದುವು. ಅವು ಖೋಟಾ ಅಲ್ಲ, ಅವಕ್ಕೂ ಬೆಲೆಯಿದೆ. ಆದರೆ ಮೂಲದ ನಾಣ್ಯವೆಂದು ಅವನ್ನು ಮಾರಿದರೆ ಅದು ವಂಚನೆಯೇ ಸರಿ.

ಸಂದೂಕವನ್ನು ತೆರೆಯುವವರಿಗೆ

ಚಿಗಟೇರಿಯಂತಹ ಊರುಗಳ ಮನೆಗಳಲ್ಲಿ ನಾಣ್ಯ ಒಡವೆಯೂ ಹೌದು. ಕಾಸಿನ ಸರಕ್ಕೆ, ಪುತಳಿ ಸರಕ್ಕೆ ಕೊಂಡಿ ಬೆಸೆದ ನಾಣ್ಯದ ಅಂಚಿನಲ್ಲಿ ಬೆಸುಗೆಯ ಗುರುತು ಉಳಿಯುತ್ತದೆ. ಪುತಳಿಯ ಮೂಲರೂಪ ದೂರದ ವೆನಿಸ್ ನಗರದ ಚಿನ್ನದ ಡುಕಾಟು ಎಂಬುದನ್ನು ಧರಿಸುವವರಲ್ಲಿ ಬಲ್ಲವರು ಎಷ್ಟು ಮಂದಿ? ಕೊಂಡಿ ಬೆಸೆದ ನಾಣ್ಯ ಸಂಗ್ರಾಹಕನ ದೃಷ್ಟಿಯಲ್ಲಿ ಊನಗೊಂಡುದು. ಆದರೆ ಅದು ಒಂದು ಮನೆಯ ಹೆಣ್ಣುಮಕ್ಕಳ ಕೊರಳಿನ ಚರಿತ್ರೆ. ಕೊಂಡಿಯನ್ನು ಕಿತ್ತು ‘ಸರಿಪಡಿಸುವ’ ಗೋಜಿಗೆ ಹೋಗದಿರುವುದೇ ಲೇಸು. 1943ರಿಂದ 1947ರವರೆಗಿನ ತೂತಿನ ಕಾಸಿನ ಮಾತು ಬೇರೆ. ಅದರ ನಡುವಣ ತೂತು ಟಂಕಸಾಲೆಯೇ ಮಾಡಿದುದು. ಯಾರೋ ದಾರಕ್ಕೆ ಪೋಣಿಸಲು ಕೊರೆದುದಲ್ಲ.

ಮನೆಯ ನಾಣ್ಯಗಳನ್ನು ಕಾಪಾಡುವ ಕ್ರಮ ಕಠಿನವಲ್ಲ. ಮುಖವನ್ನು ಮುಟ್ಟದೆ ಅಂಚಿನಿಂದ ಹಿಡಿಯಬೇಕು. ಒಂದೊಂದನ್ನೂ ಬೇರೆಬೇರೆ ಕಾಗದದ ಲಕೋಟೆಯಲ್ಲಿಟ್ಟು, ಯಾರಿಂದ, ಯಾವ ಊರಿನಿಂದ ಬಂದುದೆಂದು ಲಕೋಟೆಯ ಮೇಲೆ ಬರೆಯಬೇಕು. ಮೆತ್ತನೆಯ ಅಗ್ಗದ ಪ್ಲಾಸ್ಟಿಕ್ ಚೀಲಗಳು ಕಾಲಕ್ರಮದಲ್ಲಿ ಬೆವರಿ ಲೋಹವನ್ನು ಕೆಡಿಸುತ್ತವೆ, ಅವು ಬೇಡ. ಲಕ್ಷ್ಮೀಪೂಜೆಯ ತಟ್ಟೆಗೆ ಇಂದಿನ ರೂಪಾಯಿಗಳು ಸಾಕು. ಅಜ್ಜನ ರೂಪಾಯಿಗೆ ಅರಿಸಿನ, ಕುಂಕುಮ, ಹಾಲುಗಳ ಅಭಿಷೇಕ ಬೇಡ. ಬೆಳ್ಳಿಯ ತೂಕದ ಆಸೆಗೆ ಅಕ್ಕಸಾಲಿಗನ ಮೂಸೆಗೆ ಹಾಕುವ ಮುನ್ನ ತಾರೀಖನ್ನು ಒಮ್ಮೆಯಾದರೂ ಓದಬೇಕು. ಹೊಲ ಉಳುವಾಗ, ಪಾಯ ತೋಡುವಾಗ ಹೂತ ನಾಣ್ಯಗಳು ದೊರೆತರೆ ಅವು ದೊರೆತವನ ಸ್ವತ್ತಲ್ಲ; ನಿಧಿಯ ಕಾನೂನಿನಂತೆ ಅಧಿಕಾರಿಗಳಿಗೆ ತಿಳಿಸಬೇಕು. ನೂರು ವರ್ಷಕ್ಕೆ ಮೇಲ್ಪಟ್ಟ ನಾಣ್ಯಗಳನ್ನು 1972ರ ಪುರಾವಸ್ತು ಕಾಯಿದೆಯಂತೆ ಅನುಮತಿಯಿಲ್ಲದೆ ದೇಶದಿಂದ ಹೊರಗೆ ಕೊಂಡೊಯ್ಯುವಂತಿಲ್ಲ.

ನಾಣ್ಯವೊಂದನ್ನು ಕೈಗೆತ್ತಿಕೊಂಡಾಗ ಮೂರು ಪ್ರಶ್ನೆಗಳನ್ನು ಕೇಳಿದರೆ ಹೊಸಬನಿಗೆ ಅಷ್ಟು ಸಾಕು: ಟಂಕಸಾಲೆ ಇದಕ್ಕೆ ಎಂತಹ ಒತ್ತನ್ನು, ಎಂತಹ ಮೆರುಗನ್ನು ಕೊಟ್ಟಿತು? ಸಂತೆ ಇದರಿಂದ ಎಷ್ಟನ್ನು ಸವೆಸಿತು? ಆಮೇಲೆ ಯಾರಾದರೂ ಇದಕ್ಕೆ ಏನಾದರೂ ಮಾಡಿದರೆ? ಮೊದಲಿನದು ಅಕ್ಕಸಾಲಿಗನ ಕೆಲಸ. ಎರಡನೆಯದು ಸಾವಿರಾರು ಅಜ್ಞಾತ ಬೆರಳುಗಳ ಕೆಲಸ. ಅದರಲ್ಲಿಯೂ ಒಂದು ಗೌರವವಿದೆ. ಸವಕಲು ನಾಣ್ಯವೆಂದು ಹೀಗಳೆಯುವ ಕಾಸು ಜೋಳ ಕೊಂಡಿದೆ, ಕಂದಾಯ ತೆತ್ತಿದೆ, ಮದುವೆಯ ಮುಯ್ಯಿಗೆ ಸಂದಿದೆ. ಮೂರನೆಯದೊಂದೇ ಇಂದಿನವರ ಕೈಯಲ್ಲಿರುವುದು. ಉಚ್ಚಂಗಿಯ ಗೆಲವು, ಹಂಪೆಯ ವೈಭವ, ಕಂಪೆನಿಯ ಲೆಕ್ಕಾಚಾರ ಎಲ್ಲವೂ ಈ ಸೀಮೆಯ ಮೇಲೆ ಹಾದುಹೋಗಿವೆ. ಅವುಗಳ ಅಚ್ಚು ಇನ್ನೂ ಎಷ್ಟೋ ಮನೆಗಳ ಸಂದೂಕಗಳಲ್ಲಿ ಉಳಿದಿದೆ. ಅದನ್ನು ಉಳಿಸುವುದಕ್ಕೆ ಹಣ ಬೇಡ, ಪಾಂಡಿತ್ಯ ಬೇಡ. ಹುಣಸೆಹಣ್ಣನ್ನು ಸಾರಿಗೆ ಮೀಸಲಿಟ್ಟರೆ ಸಾಕು.